ನಾಲ್ಕು ವರ್ಷ ಬಳಸಿದ .45-70 ಗುಂಡಿನ ಅಚ್ಚು: ಕಾಗದ ಸುತ್ತಿದ ಮೇಲೆ ಗೊತ್ತಾದದ್ದು

ನಾನಿರುವುದು ಅಮೆರಿಕದ ಮೊಂಟಾನಾದಲ್ಲಿ. ಎಲ್ಕ್ ಅನ್ನೋ ದೊಡ್ಡ ಜಿಂಕೆಯ ಬೇಟೆಗೆ ಇಟಲಿಯ ಪೆಡರ್ಸೋಲಿ ಕಂಪನಿಯವರು ಮಾಡಿದ, ಹಳೇ ಅಮೆರಿಕನ್ ಶಾರ್ಪ್ಸ್ ಮಾದರಿಯ ಕೋವಿ ಇದೆ, .45-70 ತೋಟಾದ್ದು. 1873ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಬಂದ ಹಳೇ ತೋಟಾ. ಅದಕ್ಕೆ, ಸೀಸ ನಳಿಗೆಗೆ ಹತ್ತದ ಹಾಗೆ ಕಾಗದ ಸುತ್ತಿದ ಸೀಸದ ಗುಂಡೇ ಹಾಕಬೇಕು ಅಂತ ಹಟ ಹಿಡಿದು ಈ ಅಚ್ಚು ತರಿಸಿದ್ದೆ.

ಮೊದಲು ತಕರಾರು. ಅಚ್ಚಿನ ಡಬ್ಬಿ ಮೇಲೆ 0.442 ಇಂಚು ಅಂತಿತ್ತು. ಗುಂಡು ಹೊಯ್ದು ಮೈಕ್ರೋಮೀಟರ್ ಹಿಡಿದರೆ 0.444! ಅಷ್ಟಕ್ಕೆಲ್ಲ ಯಾಕೆ ರಗಳೆ ಅನ್ನಬೇಡಿ. ಕಾಗದವನ್ನು ಎರಡು ಸುತ್ತು ಸುತ್ತುತ್ತೇವೆ. ಅಂದರೆ ಅಡ್ಡಳತೆಗೆ ಕಾಗದದ ದಪ್ಪ ನಾಲ್ಕು ಸಲ ಸೇರುತ್ತದೆ. ನನ್ನ ಕಾಗದ 0.002 ಇಂಚು. ಹಾಗಾಗಿ ಸುತ್ತಿದ ಗುಂಡು 0.452 ಆಯಿತು. ನಳಿಗೆಯ ಒಳಗಿನ ಅಳತೆ 0.450. ಗುಂಡು ಬಾಯಲ್ಲೇ ಸಿಕ್ಕಿಕೊಂಡಿತು. ಅಚ್ಚು ಮಾಡಿದವರನ್ನು ಕೇಳಿದರೆ "ಅದು ನಿಮ್ಮ ಸೀಸದ ಮೇಲೆ ಹೋಗುತ್ತೆ" ಅಂದರು. ಅವರೇ ಹೇಳಿದ್ದ ಹಾಗೆ 16 ಪಾಲು ಸೀಸಕ್ಕೆ ಒಂದು ಪಾಲು ತವರ ಹಾಕಿದ್ದೆ, ಅಲ್ವಾ! ಕೊನೆಗೆ 0.0015ರ ತೆಳು ಹತ್ತಿ ಕಾಗದ ತಂದೆ. ಈಗ ಹೆಬ್ಬೆರಳಲ್ಲಿ ಒತ್ತಿದರೆ ಸರಾಗ ಜಾರುತ್ತದೆ.

ಅಳತೆ ಬಿಟ್ಟರೆ ಅಚ್ಚಿನ ಬಗ್ಗೆ ದೂರಿಲ್ಲ. ತಣ್ಣಗಿದ್ದಾಗ ಹೊಯ್ದರೆ ಗುಂಡಿನ ಮೈ ಸುಕ್ಕಾಗುತ್ತದೆ, ಮೊದಲ ಹತ್ತನ್ನು ಸುಮ್ನೆ ಪಾತ್ರೆಗೇ ಹಾಕಿಬಿಡಿ. ಬಿಸಿಯಾದ ಮೇಲೆ ಒಂದೊಂದೂ ಬೆಳ್ಳಿ ಹಾಗೆ ಬೀಳುತ್ತದೆ. ಬಾಗಿಲು ತೆರೆದಿಟ್ಟೇ ಹೊಯ್ಯಿರಿ, ಸೀಸ ಮುಟ್ಟಿದ ಕೈಯಲ್ಲಿ ತಿಂಡಿ ಬೇಡ.

ನನಗೆ ಇಷ್ಟವಾದ ಕೆಲಸ ಸುತ್ತುವುದು. ಓರೆಯಾಗಿ ಕತ್ತರಿಸಿದ ಕಾಗದವನ್ನು ನೀರಲ್ಲಿ ಅದ್ದಿ, ಬೆರಳಲ್ಲಿ ಉರುಳಿಸಬೇಕು. ತುದಿಗಳು ಮುಟ್ಟಬೇಕು, ಒಂದರ ಮೇಲೊಂದು ಹತ್ತಬಾರದು. ಉಳಿದ ಬಾಲವನ್ನು ಹಿಂದೆ ಬತ್ತಿ ಹಾಗೆ ಹೊಸೆಯುತ್ತೇನೆ. ಊರಲ್ಲಿ ಅಮ್ಮ ಹೂಬತ್ತಿ ಹೊಸೆಯೋದು ನೆನಪಾಗುತ್ತದೆ. ಒಂದಕ್ಕೆ ಒಂದು ನಿಮಿಷ, ರಾತ್ರಿ ಬಿಟ್ಟರೆ ಒಣಗಿ ಚರ್ಮದ ಹಾಗೆ ಬಿಗಿಯುತ್ತದೆ.

ಕರಿ ಮದ್ದಿನ ತೂಕ ನನ್ನಿಂದ ಕೇಳಬೇಡಿ, ನಿಮ್ಮ ಕೋವಿಗೆಂದು ಮುದ್ರಿಸಿದ ಕೈಪಿಡಿ ನೋಡಿ. ಒಂದು ಮಾತು: ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಬಿಡಲೇಬಾರದು. ಈ ಗುಂಡಿಗೆ ಜಿಡ್ಡು ತುಂಬುವ ಗೀರುಗಳಿಲ್ಲ. ಹಾಗಾಗಿ ನಳಿಗೆಯಲ್ಲಿ ಮದ್ದಿನ ಮಸಿ ಗಟ್ಟಿಯಾಗುತ್ತದೆ, ಒಂದು ಹೊಡೆತಕ್ಕೊಂದು ಸಲ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಬೇಕು. ಅವಸರದವರಿಗೆ ಇದಲ್ಲ.

ಹೊಡೆದ ಮೇಲೆ ಮುಂದೆ ಹೋಗಿ ನೆಲ ನೋಡಿ. ಅಕ್ಷತೆ ಎರಚಿದ ಹಾಗೆ ಚೂರು ಚೂರು ಕಾಗದ ಬಿದ್ದಿದ್ದರೆ ಸುತ್ತಿದ್ದು ಸರಿ. ಉದ್ದನೆ ಪಟ್ಟಿ ಸಿಕ್ಕರೆ ಅನುಮಾನ. ಸೀಸ ನಳಿಗೆಗೆ ಹತ್ತುವುದೇ ಇಲ್ಲ, ಅದೊಂದೇ ನೂರಕ್ಕೆ ನೂರು ನಿಜ.

ಮೂರು ಸೀಸನ್‌ನಲ್ಲಿ ಒಂದೇ ಎಲ್ಕ್. 90 ಗಜ, ಒಂದೇ ಗುಂಡು, ಹತ್ತು ಹೆಜ್ಜೆ ನಡೆದು ಬಿತ್ತು. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಾಗದದ ದುಡ್ಡು ಜಾಸ್ತಿಯಾದದ್ದಕ್ಕೆ ಉಳಿದ ಒಂದೂವರೆ ಕಳೆದಿದ್ದೇನೆ.