ಮೆಸಾ ಡ್ರೈವರ್‌ನ ಬಗ್ ಹಿಡಿಯಲು ಎಪಿಐಟ್ರೇಸ್, ರೆಂಡರ್‌ಡಾಕ್, ಜಿಎಫ್‌ಎಕ್ಸ್‌ರಿಕನ್‌ಸ್ಟ್ರಕ್ಟ್: ಯಾವುದು ಕೈ ಹಿಡಿಯುತ್ತದೆ?

ಮೆಸಾ ಅಂದರೆ ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡು ನಡೆಸುವ ಮುಕ್ತ ಡ್ರೈವರ್‌ಗಳ ಗುಂಪು. ಶೀರ್ಷಿಕೆಯ ಮೂರೂ ಸಾಧನಗಳು ಗೇಮ್ ಡ್ರೈವರ್‌ಗೆ ಮಾಡುವ ಕರೆಗಳನ್ನು ಫೈಲಿಗೆ ಹಿಡಿದು (ಅದೇ ಕ್ಯಾಪ್ಚರ್ ಅಥವಾ ಟ್ರೇಸ್) ಮತ್ತೆ ಓಡಿಸುತ್ತವೆ. ಓಪನ್‌ಜಿಎಲ್ (ಕಾರ್ಡಿನಿಂದ ಚಿತ್ರ ಬರೆಸುವ ಕರೆಗಳ ಗುಂಪು, ಅಂದರೆ ಎಪಿಐ) ಬಳಸುವ ಗೇಮ್‌ನಲ್ಲಿ ಚಿತ್ರ ಕೆಟ್ಟಿದೆ, ತಪ್ಪು ಡ್ರೈವರ್‌ನದ್ದೇ ಎಂಬ ಅನುಮಾನ ಇದೆ ಅಂದರೆ ನನ್ನ ಆಯ್ಕೆ ಎಪಿಐಟ್ರೇಸ್, ಜೊತೆಗೆ ಗಿಟ್ ಬೈಸೆಕ್ಟ್. ಬೈಸೆಕ್ಟ್ ಅಂದರೆ ಕೋಡ್‌ನ ಬದಲಾವಣೆಗಳ, ಅಂದರೆ ಕಮಿಟ್‌ಗಳ ಪಟ್ಟಿಯನ್ನು ಅರ್ಧರ್ಧ ಮಾಡುತ್ತ ತಪ್ಪು ತಂದದ್ದನ್ನು ಹುಡುಕುವುದು. ರೆಂಡರ್‌ಡಾಕ್ ಕಲಿಯಲು ಸುಲಭ, ನೋಡಲು ಚೆಂದ, ಗೇಮ್ ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಡ್ರೈವರ್ ಸರಿಪಡಿಸುವವರ ಕೆಲಸವೇ ಬೇರೆ.

ಯಾವುದನ್ನು ತೆರೆಯುವ ಮೊದಲೂ ಗೇಮನ್ನು ಒಮ್ಮೆ ಎಲ್‌ಎಲ್‌ವಿಎಂಪೈಪ್ ಮೇಲೆ, ಅಂದರೆ ಬರೀ ಸಿಪಿಯು ಮೇಲೆ ಓಡಿಸಿ ನೋಡಬೇಕು. ಅಲ್ಲಿ ಚಿತ್ರ ಸರಿ ಬಂದರೆ ತಪ್ಪು ಕಾರ್ಡಿಗೆ ಸಂಬಂಧಪಟ್ಟ ಭಾಗದಲ್ಲಿರುವ ಸಾಧ್ಯತೆ ಹೆಚ್ಚು. ಅಲ್ಲೂ ಕೆಟ್ಟರೆ ಗೇಮ್‌ನದ್ದೇ ತಪ್ಪು ಅಂತ ಕೈ ತೊಳೆದುಕೊಳ್ಳುವಂತಿಲ್ಲ. ಶೇಡರ್ (ಕಾರ್ಡಿನ ಮೇಲೆ ಓಡುವ ಸಣ್ಣ ಪ್ರೋಗ್ರಾಂ) ಓದುವ ಮೆಸಾದ ಮುಂಭಾಗವನ್ನು ಎಲ್‌ಎಲ್‌ವಿಎಂಪೈಪ್ ಮತ್ತು ರೇಡಿಯಾನ್‌ಎಸ್‌ಐ (ಎಎಂಡಿ ಕಾರ್ಡಿನ ಓಪನ್‌ಜಿಎಲ್ ಡ್ರೈವರ್) ಎರಡೂ ಹಂಚಿಕೊಂಡಿವೆ, ತಪ್ಪು ಅಲ್ಲೂ ಇರಬಹುದು.

ಈಗ ರೆಂಡರ್‌ಡಾಕ್‌ನ ತೊಡಕಿಗೆ ಬರುತ್ತೇನೆ. ಇದನ್ನು ತಿಳಿಯದೆ ಬಗ್ ವರದಿಗೆ ಕ್ಯಾಪ್ಚರ್ ಲಗತ್ತಿಸಿದರೆ, 'ನಮ್ಮಲ್ಲಿ ಚಿತ್ರ ಸರಿ ಬರುತ್ತಿದೆ' ಎಂಬ ಉತ್ತರ ಬಂದು ವಿಷಯ ಅಲ್ಲೇ ಕೊಳೆಯುತ್ತದೆ.

ಎಫ್12 ಒತ್ತಿದಾಗ ರೆಂಡರ್‌ಡಾಕ್ ಒಂದೇ ಒಂದು ಫ್ರೇಮ್ ಹಿಡಿಯುತ್ತದೆ. ಆ ಫ್ರೇಮ್ ಬಳಸುವ ಟೆಕ್ಸ್‌ಚರ್, ಬಫರ್‌ಗಳಲ್ಲಿ ಏನಿತ್ತೋ ಅದನ್ನು ಓದಿ ಫೈಲಿಗೆ ಬರೆಯುತ್ತದೆ. ಮತ್ತೆ ಓಡಿಸುವಾಗ ಮೊದಲು ಅವನ್ನೆಲ್ಲ ತಾನೇ ತುಂಬಿ, ಆಮೇಲೆ ಫ್ರೇಮ್‌ನ ಕರೆಗಳನ್ನು ನಡೆಸುತ್ತದೆ. ಪಿಕ್ಸೆಲ್‌ಗಳೇನೋ ಹಾಗೇ ಬರುತ್ತವೆ. ಆದರೆ ಡ್ರೈವರ್ ಬಗ್‌ಗಳಲ್ಲಿ ಬಹಳಷ್ಟು ಪಿಕ್ಸೆಲ್‌ನಲ್ಲಿ ಇರುವುದಿಲ್ಲ, ಪಿಕ್ಸೆಲ್‌ನ ಬಗ್ಗೆ ಇಟ್ಟ ಲೆಕ್ಕದಲ್ಲಿ ಇರುತ್ತವೆ. ಈ ಲೆಕ್ಕವೇ ಮೆಟಾಡೇಟಾ. ಅದರ ಹೆಸರು ಎಎಂಡಿ ಕಾರ್ಡುಗಳಲ್ಲಿ ಬಣ್ಣಕ್ಕೆ ಡಿಸಿಸಿ, ಡೆಪ್ತ್‌ಗೆ (ಪಿಕ್ಸೆಲ್ ಎಷ್ಟು ದೂರದ್ದು ಎಂಬುದಕ್ಕೆ) ಎಚ್‌ಟೈಲ್. ಇಂಟೆಲ್‌ನಲ್ಲಿ ಸಿಸಿಎಸ್, ಹೈ-ಝಡ್.

ಫಾಸ್ಟ್ ಕ್ಲಿಯರ್ ತೆಗೆದುಕೊಳ್ಳಿ. 1920×1080 ಅಳತೆಯ ಬಫರ್ ಅಳಿಸಲು ಇಪ್ಪತ್ತು ಲಕ್ಷ ಪಿಕ್ಸೆಲ್ ಬರೆಯುವ ಬದಲು, 'ಈ ಚೌಕಗಳೆಲ್ಲ ಖಾಲಿ' ಅಂತ ಮೆಟಾಡೇಟಾದಲ್ಲಿ ಮಾತ್ರ ಗುರುತು ಹಾಕುತ್ತಾರೆ. ಆ ಗುರುತನ್ನು ಅರಿಯದ ಘಟಕ ಬಫರನ್ನು ಓದುವ ಮೊದಲು ಡ್ರೈವರ್ ಅದನ್ನು ಬಿಡಿಸಿ ನಿಜವಾದ ಪಿಕ್ಸೆಲ್ ಬರೆಯಬೇಕು. ಯಾವುದೋ ಒಂದು ದಾರಿಯಲ್ಲಿ ಇದನ್ನು ಮರೆತಿದ್ದರೆ ಪರದೆಯಲ್ಲಿ ಚೌಕ ಚೌಕ ಕಲೆ ಕಾಣುತ್ತದೆ. (ಎಚ್‌ಟೈಲ್‌ನಲ್ಲಿ 8×8 ಪಿಕ್ಸೆಲ್‌ಗೆ ಒಂದು ನಮೂದು. ಕಲೆಯ ಅಂಚು 8ರ ಗುಣಕಕ್ಕೆ ಹೊಂದಿದರೆ ಮೊದಲು ಅಲ್ಲೇ ಹುಡುಕಿ.) ರೆಂಡರ್‌ಡಾಕ್ ಅದೇ ಬಫರನ್ನು ಹೊಸದಾಗಿ ತುಂಬಿದಾಗ ಮೆಟಾಡೇಟಾವೂ ಹೊಸದಾಗಿ, ಶುಚಿಯಾಗಿ ಶುರುವಾಗುತ್ತದೆ. ಕಲೆ ಮಾಯ! ಅಳಿಸುವುದೂ ಓದುವುದೂ ಹಿಡಿದ ಫ್ರೇಮ್‌ನೊಳಗೇ ನಡೆದಿದ್ದರೆ ಮಾತ್ರ ಬಗ್ ಉಳಿಯುವ ಆಸೆ ಇದೆ.

ಹಾಗಾಗಿ ಬಣ್ಣದ ಬಫರ್‌ನ ಮೇಲೆ ಅನುಮಾನವಿದ್ದರೆ ಪರೀಕ್ಷೆ ಹೀಗೆ: ರೇಡಿಯಾನ್‌ಎಸ್‌ಐ ಅಥವಾ ಆರ್‌ಎಡಿವಿಯ (ವಲ್ಕನ್ ಎಂಬ ಹೊಸ ಎಪಿಐಗೆ ಎಎಂಡಿ ಕಾರ್ಡಿನ ಡ್ರೈವರ್) ಡೀಬಗ್ ವೇರಿಯಬಲ್‌ಗೆ ನೋ-ಡಿಸಿಸಿ ಕೊಟ್ಟು ಗೇಮ್ ಓಡಿಸಿ. ಕಲೆ ಹೋಯಿತೆಂದರೆ ರೆಂಡರ್‌ಡಾಕ್ ಕ್ಯಾಪ್ಚರನ್ನು ನಂಬಬೇಡಿ. ಹೋಗದಿದ್ದರೆ, ಅದರಲ್ಲೂ ಶೇಡರ್ ತಪ್ಪಾಗಿ ಕಂಪೈಲ್ ಆದಂತಿದ್ದರೆ, ಯಾವ ಡ್ರಾ ಕರೆಯಲ್ಲಿ ಕೆಟ್ಟಿತು ಎಂದು ಹುಡುಕಲು ರೆಂಡರ್‌ಡಾಕ್‌ಗೆ ಸಾಟಿಯಿಲ್ಲ. ಕೋರ್ ಪ್ರೊಫೈಲ್ (ಹಳೆಯ ಕರೆಗಳನ್ನು ಕೈಬಿಟ್ಟ ಓಪನ್‌ಜಿಎಲ್) ಅಲ್ಲದ ಹಳೆಯ ಓಪನ್‌ಜಿಎಲ್ ಗೇಮ್‌ಗಳಿಗೆ ಅದು ಒಗ್ಗುವುದಿಲ್ಲ. ಜಿಪಿಯು ಹ್ಯಾಂಗ್ ಆದರೆ ಫ್ರೇಮ್ ಮುಗಿಯುವುದೇ ಇಲ್ಲ, ಕ್ಯಾಪ್ಚರೂ ಸಿಗುವುದಿಲ್ಲ.

ಎಪಿಐಟ್ರೇಸ್ ಮೊದಲ ಕರೆಯಿಂದಲೇ ಎಲ್ಲವನ್ನೂ ಬರೆದುಕೊಳ್ಳುತ್ತದೆ. ಮತ್ತೆ ಓಡಿಸಿದಾಗ ಡ್ರೈವರ್ ನಡೆದ ದಾರಿಯಲ್ಲೇ ನಡೆಯುತ್ತದೆ, ಮೆಟಾಡೇಟಾ ಕೆಟ್ಟ ಹಾಗೆಯೇ ಕೆಡುತ್ತದೆ. ನನ್ನ ಒಲವಿಗೆ ಇದೊಂದೇ ಕಾರಣ ಸಾಕು. ತೊಂದರೆ ಇಲ್ಲವೆಂದಲ್ಲ. ಇಜಿಎಲ್ (ಓಪನ್‌ಜಿಎಲ್ ಅನ್ನು ವಿಂಡೋಗೆ ಜೋಡಿಸುವ ಎಪಿಐ) ಬಳಸುವ ಪ್ರೋಗ್ರಾಂಗೆ ಎಪಿಐ ಆಯ್ಕೆಯಲ್ಲಿ ಇಜಿಎಲ್ ಎಂದು ಹೇಳದಿದ್ದರೆ ಟ್ರೇಸ್ ಸಿಗುವುದಿಲ್ಲ. 32 ಬಿಟ್ ಗೇಮ್‌ಗೆ ಕರೆಗಳನ್ನು ನಡುವೆ ಹಿಡಿಯುವ 32 ಬಿಟ್‌ನ ರ‍್ಯಾಪರ್ ಬೇಕು. ಫೈಲ್ ಗಿಗಾಬೈಟ್‌ಗಟ್ಟಲೆ ಬೆಳೆಯುತ್ತದೆ. ಜಿಎಲ್‌ಟ್ರಿಮ್‌ನಿಂದ ಕತ್ತರಿಸಬಹುದು, ಆದರೆ ಕತ್ತರಿಸಿದ್ದನ್ನು ಕೆಟ್ಟ ಡ್ರೈವರ್ ಮೇಲೆ ಒಮ್ಮೆ ಓಡಿಸಿ ಕಲೆ ಇನ್ನೂ ಇದೆಯೇ ಎಂದು ನೋಡಿಯೇ ಮುಂದೆ ಹೋಗಬೇಕು.

ಟ್ರೇಸ್ ಕೈಯಲ್ಲಿದ್ದರೆ ಬೈಸೆಕ್ಟನ್ನು ಸ್ಕ್ರಿಪ್ಟಿಗೆ ಒಪ್ಪಿಸಿಬಿಡಬಹುದು. ಒಳ್ಳೆಯ ಆವೃತ್ತಿಗೂ ಕೆಟ್ಟದ್ದಕ್ಕೂ ನಡುವೆ 4000 ಕಮಿಟ್ ಇದ್ದರೂ 12 ಸುತ್ತಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಮೆಸಾವನ್ನು ಬಿಲ್ಡ್ ಮಾಡುವ ಸಾಧನವಾದ ಮೆಸಾನ್‌ನಲ್ಲಿ ಬೇಕಾದ ಒಂದೇ ಡ್ರೈವರ್ ಆರಿಸಿಕೊಂಡು, ಹಿಂದೆ ಕಂಪೈಲ್ ಆದದ್ದನ್ನು ಉಳಿಸಿಡುವ ಸಿಸಿಕ್ಯಾಶ್ ಇಟ್ಟರೆ ಪ್ರತಿ ಸುತ್ತಿನ ಬಿಲ್ಡ್ ಬೇಗ ಆಗುತ್ತದೆ. ಇನ್‌ಸ್ಟಾಲ್ ಮಾಡದೆ, ಮೆಸಾನ್ ಡೆವ್‌ಎನ್ವ್ ಒಳಗಿಂದಲೇ ಟ್ರೇಸ್ ಓಡಿಸಿ.

ಎಡವುವುದು ಎಕ್ಸಿಟ್ ಕೋಡ್‌ನಲ್ಲಿ, ಅಂದರೆ ಸ್ಕ್ರಿಪ್ಟ್ ಮುಗಿದಾಗ ಬೈಸೆಕ್ಟ್‌ಗೆ ಕೊಡುವ ಸಂಖ್ಯೆಯಲ್ಲಿ. ಸ್ಕ್ರಿಪ್ಟ್ 0 ಕೊಟ್ಟರೆ ಕಮಿಟ್ ಒಳ್ಳೆಯದು, 125 ಕೊಟ್ಟರೆ ಅದನ್ನು ಬಿಟ್ಟು ಬೇರೆಯದು, 1ರಿಂದ 127ರೊಳಗಿನ ಉಳಿದದ್ದೆಲ್ಲ ಕೆಟ್ಟದ್ದು. ಬಿಲ್ಡ್ ವಿಫಲವಾದರೆ 125 ಕೊಡಲು ಮರೆತರೆ ಯಾವುದೋ ನಿರಪರಾಧಿ ಕಮಿಟ್ ಸಿಕ್ಕಿಬೀಳುತ್ತದೆ. ಡ್ರೈವರ್ ಸೆಗ್‌ಫಾಲ್ಟ್ ಆಗಿ ಪ್ರೋಗ್ರಾಂ ಕುಸಿದರೆ 139 ಬರುತ್ತದೆ. 127 ದಾಟಿದ್ದರಿಂದ ಬೈಸೆಕ್ಟ್ ಅಲ್ಲೇ ನಿಂತುಹೋಗುತ್ತದೆ, ಆದ್ದರಿಂದ ಅದನ್ನು 1 ಮಾಡಿ ಹಿಂದಿರುಗಿಸಿ. ಹ್ಯಾಂಗ್‌ಗೆ ಟೈಮ್‌ಔಟ್ ಕಟ್ಟಿದರೆ 124 ಬಂದು ತಾನಾಗಿ ಕೆಟ್ಟದ್ದರ ಲೆಕ್ಕಕ್ಕೆ ಸೇರುತ್ತದೆ. ಮಿತಿ ಬಿಗಿಯಾದರೆ ಬರೀ ನಿಧಾನವಾದ ಒಳ್ಳೆಯ ಕಮಿಟೂ ಸೇರುತ್ತದೆ, ಹಾಗಾಗಿ ಸಾಮಾನ್ಯ ಸಮಯದ ಮೂರು ಪಟ್ಟು ಇಡಿ. ಹ್ಯಾಂಗ್ ಬಗ್ ಆದರೆ ಎಲ್ಲವನ್ನೂ ಇನ್ನೊಂದು ಯಂತ್ರದಿಂದ ಎಸ್‌ಎಸ್‌ಎಚ್ ಮೂಲಕ ನಡೆಸಿ, ಜಿಪಿಯು ರೀಸೆಟ್ ಆದಾಗ ಡೆಸ್ಕ್‌ಟಾಪ್ ಹೋಗಬಹುದು. ಚಿತ್ರಗಳನ್ನು ಹೋಲಿಸುವಾಗ ಹ್ಯಾಶ್ (ಒಂದು ಬಿಟ್ ಬದಲಾದರೂ ಬೇರೆಯಾಗುವ ಗುರುತು) ಬೇಡ, ಸಣ್ಣ ವ್ಯತ್ಯಾಸ ಒಪ್ಪುವ ಹೋಲಿಕೆ ಬೇಕು. ಕಂಪೈಲರ್‌ನ ನಿರುಪದ್ರವಿ ಬದಲಾವಣೆಯೂ ದಶಮಾಂಶದ ಕೊನೆಯ ಅಂಕಿಯನ್ನು ಅಲುಗಿಸುತ್ತದೆ. ಶೇಡರ್ ಡಂಪ್ ಬೇಕಿದ್ದರೆ ಮೆಸಾದ ಶೇಡರ್ ಕ್ಯಾಶ್ ನಿಲ್ಲಿಸಿ. ಕ್ಯಾಶ್‌ನಿಂದ ಬಂದ ಶೇಡರ್ ಕಂಪೈಲರ್ ಹತ್ತಿರ ಹೋಗುವುದೇ ಇಲ್ಲ, ಏನೂ ಮುದ್ರಣವಾಗುವುದಿಲ್ಲ.

ವಲ್ಕನ್‌ಗೆ ಎಪಿಐಟ್ರೇಸ್ ಬರುವುದಿಲ್ಲ, ಅಲ್ಲಿ ಜಿಎಫ್‌ಎಕ್ಸ್‌ರಿಕನ್‌ಸ್ಟ್ರಕ್ಟ್. ಪೂರ್ತಿ ಕ್ಯಾಪ್ಚರ್ ಮಾಡಿದರೆ ಅದೇ ಗುಣ. ಕೆಲವೇ ಫ್ರೇಮ್ ಕತ್ತರಿಸಿ ಹಿಡಿದರೆ ಅದೂ ಆರಂಭದ ಸ್ಥಿತಿಯನ್ನು ತಾನೇ ಕಟ್ಟುತ್ತದೆ, ರೆಂಡರ್‌ಡಾಕ್‌ನ ತೊಡಕೇ ಇಲ್ಲಿಗೂ ಬರುತ್ತದೆ. ಬೇರೆ ಕಾರ್ಡಿನಲ್ಲಿ ಓಡಿಸುವಾಗ ಮೆಮೊರಿ ವಿಧಗಳು ಹೊಂದದೆ ಬಿದ್ದರೆ ರೀಬೈಂಡ್ ಆಯ್ಕೆ ಕೊಟ್ಟು ನೋಡಿ. ಆದರೆ ಬಗ್ ಮೆಮೊರಿ ಜೋಡಣೆಗೇ ಸಂಬಂಧಿಸಿದ್ದರೆ ಆ ಆಯ್ಕೆಯೇ ಅದನ್ನು ಮುಚ್ಚಿಹಾಕಬಹುದು.

ನನ್ನ ಹತ್ತಿರ ಇರುವುದು ಒಂದೇ ಕಾರ್ಡು, ರಾತ್ರಿ ಬೈಸೆಕ್ಟ್ ಹಚ್ಚಿ ಮಲಗುವ ಅಭ್ಯಾಸ. ಅದಕ್ಕೆ ಎಪಿಐಟ್ರೇಸ್ ಸರಿಹೋಗುತ್ತದೆ. ದಿನವಿಡೀ ವಲ್ಕನ್ ಶೇಡರ್ ಬಿಡಿಸುತ್ತ ಕೂರುವವರಿಗೆ ರೆಂಡರ್‌ಡಾಕ್ ಹೆಚ್ಚು ದಕ್ಕುತ್ತದೆ. ಯಾವುದರಿಂದ ಹಿಡಿದರೂ ಸರಿ, ತಿದ್ದುಪಡಿ ಕಳಿಸುವಾಗ ತಪ್ಪು ತಂದ ಕಮಿಟ್‌ನ ಹ್ಯಾಶ್ ಮತ್ತು ಶೀರ್ಷಿಕೆಯನ್ನು ಫಿಕ್ಸಸ್ ಟ್ಯಾಗ್‌ನಲ್ಲಿ ಬರೆಯಿರಿ. ಸ್ಥಿರ ಆವೃತ್ತಿ ನೋಡಿಕೊಳ್ಳುವವರು ಆ ಸಾಲನ್ನು ನೋಡಿಯೇ ಅದನ್ನು ಹಳೆಯ ಶಾಖೆಗೂ ತರುತ್ತಾರೆ.