ಉತ್ಸವದ ಕೊನೆಯ ಗಾಯನ ಮನೆಯಲ್ಲಿ: ಟಿವಿ, ಫೋನು, ರೇಡಿಯೊ

ಹಿಂದುಸ್ತಾನಿ ಸಂಗೀತೋತ್ಸವಗಳಲ್ಲಿ ಹಿರಿಯ ಕಲಾವಿದರನ್ನು ಕೊನೆಗೆ ಹಾಡಿಸುವುದು ಹಳೆಯ ರೂಢಿ. ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ನೆನಪಿನಲ್ಲಿ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವದಲ್ಲಿ ಆ ಕೊನೆಯ ಸ್ಥಾನ ದಶಕಗಳ ಕಾಲ ಅವರದೇ ಆಗಿತ್ತು. ಅವರ ನಂತರ ಹಲವು ವರ್ಷ ಡಾ. ಪ್ರಭಾ ಅತ್ರೆಯವರು ಸಮಾರೋಪದ ಗಾಯನ ನಡೆಸಿಕೊಟ್ಟರು. ದಾವಣಗೆರೆಯಲ್ಲಿ ಕುಳಿತವರಿಗೆ ಪುಣೆಯೂ ದೂರ, ಮೈಸೂರೂ ದೂರ. ಹೀಗಾಗಿ ಇಂಥ ಗಾಯನಗಳನ್ನು ನಾನು ಹೆಚ್ಚಾಗಿ ಮನೆಯಲ್ಲೇ ಕೇಳಿದ್ದೇನೆ: ಡಿಶ್ ಮೂಲಕ ಬರುವ ದೂರದರ್ಶನದಲ್ಲಿ, ಅದೇ ಟಿವಿಗೆ ಇಂಟರ್ನೆಟ್ ಜೋಡಿಸಿ ಯೂಟ್ಯೂಬಿನಲ್ಲಿ, ಇಯರ್‌ಫೋನ್ ಹಾಕಿಕೊಂಡು ಫೋನಿನಲ್ಲಿ, ಮತ್ತು ಎಲ್ಲಕ್ಕಿಂತ ಮೊದಲಿನಿಂದ ರೇಡಿಯೊದಲ್ಲಿ. ದೂರದರ್ಶನ, ಆಕಾಶವಾಣಿಗಳನ್ನು ನಡೆಸುವ ಪ್ರಸಾರ ಭಾರತಿಯು ತನ್ನ ಸಂಗ್ರಹದ ಹಳೆಯ ಧ್ವನಿಮುದ್ರಣಗಳನ್ನು ಯೂಟ್ಯೂಬಿಗೆ ಹಾಕಿರುವುದರಿಂದ ಒಂದೇ ಗಾಯನವನ್ನು ಬೇರೆ ಬೇರೆ ಸಾಧನಗಳಲ್ಲಿ ಕೇಳಿ ನೋಡುವುದೂ ಸಾಧ್ಯವಾಯಿತು.

ಮೊದಲು ಚಿತ್ರದ ಮಾತು, ಏಕೆಂದರೆ ಹಿರಿಯರ ಗಾಯನದಲ್ಲಿ ಚಿತ್ರಕ್ಕೆ ವಿಶೇಷ ಬೆಲೆಯಿದೆ. ಮೂವತ್ತರ ಹರೆಯದ ಗಾಯಕರನ್ನು ಕಣ್ಣು ಮುಚ್ಚಿ ಕೇಳಿದರೂ ದೊಡ್ಡ ನಷ್ಟವಿಲ್ಲ. ಎಪ್ಪತ್ತು ದಾಟಿದವರು ಉಸಿರನ್ನು ಎಲ್ಲಿ ಉಳಿಸುತ್ತಾರೆ, ಎಲ್ಲಿ ಧಾರಾಳವಾಗಿ ಕೊಡುತ್ತಾರೆ ಎಂಬುದನ್ನು ಮಾತ್ರ ನೋಡಿಯೇ ತಿಳಿಯಬೇಕು. ಹಿಂದೆ ತಂಬೂರಿ ಹಿಡಿದು ಕುಳಿತ ಶಿಷ್ಯರ ಕಡೆಗೆ ಕೈ ಸ್ವಲ್ಪ ಹೊರಳುತ್ತದೆ, ಶಿಷ್ಯರು ತಾರಷಡ್ಜವನ್ನು (ಮೇಲಿನ ಸ್ಥಾಯಿಯ ‘ಸ’) ಹಿಡಿದು ನಿಲ್ಲಿಸುತ್ತಾರೆ, ಗುರುಗಳು ಅಷ್ಟರಲ್ಲಿ ದಣಿವಾರಿಸಿಕೊಂಡು ಬಂದಿಶಿನ (ಹಾಡುವ ರಚನೆಯ) ಮುಖಡಾ, ಅಂದರೆ ಮರಳಿ ಮರಳಿ ಬರುವ ಮೊದಲ ಸಾಲಿನ ತುಣುಕು, ಬರುವ ಹೊತ್ತಿಗೆ ಸರಿಯಾಗಿ ಸೇರಿಕೊಳ್ಳುತ್ತಾರೆ. ರೇಡಿಯೊದಲ್ಲಿ ಇದು ಎರಡು ಕಂಠಗಳ ಸದ್ದಾಗಿ ಮಾತ್ರ ಬರುತ್ತದೆ. ಯಾರು ಯಾರಿಗೆ ಏನು ಒಪ್ಪಿಸಿದರು ಎಂಬುದು ಕಾಣುವುದು ಟಿವಿಯಲ್ಲಿ. ಫೋನಿನ ಸಣ್ಣ ಪರದೆಯಲ್ಲಿ ಗಾಯಕರ ಮುಖ ಕಾಣುತ್ತದೆಯೇ ಹೊರತು ಹಿಂದಿನ ಸಾಲಿನ ಶಿಷ್ಯರು ಬಣ್ಣದ ಚುಕ್ಕೆಗಳಾಗಿ ಉಳಿಯುತ್ತಾರೆ.

ಆದರೆ ಟಿವಿಯ ಚಿತ್ರ ಕ್ಯಾಮೆರಾ ನಡೆಸುವವರ ಕೈಯಲ್ಲಿದೆ. ವಿಲಂಬಿತ್ (ನಿಧಾನಗತಿಯ) ಏಕತಾಳದ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಮುಗಿಯಲು ಮುಕ್ಕಾಲು ನಿಮಿಷದಿಂದ ಒಂದು ನಿಮಿಷದವರೆಗೆ ಹಿಡಿಯಬಹುದು. ಅಷ್ಟು ಹೊತ್ತು ಕಾದು, ಗಾಯಕರೂ ತಬಲಾ ಸಾಥಿಯೂ ಒಬ್ಬರನ್ನೊಬ್ಬರು ನೋಡಿಕೊಂಡು ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಬಂದು ಇಳಿಯುವ ಕ್ಷಣದಲ್ಲಿಯೇ ಮುಂದಿನ ಸಾಲಿನ ಗಣ್ಯರನ್ನು ತೋರಿಸಿದರೆ, ಕಾದದ್ದೆಲ್ಲ ವ್ಯರ್ಥವಾಗುತ್ತದೆ. ಈ ವಿಷಯದಲ್ಲಿ ದೂರದರ್ಶನದ ಹಳೆಯ ಚಿತ್ರೀಕರಣಗಳೇ ನನಗೆ ಮೇಲೆನಿಸಿವೆ. ಕ್ಯಾಮೆರಾ ಬಹಳ ಹೊತ್ತು ಒಂದೇ ಕಡೆ ನಿಲ್ಲುತ್ತದೆ, ವೇದಿಕೆಯ ಎಲ್ಲರೂ ಒಟ್ಟಿಗೆ ಕಾಣುತ್ತಾರೆ. ಇಂದಿನ ನೇರಪ್ರಸಾರಗಳ ಚಿತ್ರ ಬಹಳ ಸ್ಪಷ್ಟ, ನಿಜ; ಕ್ಯಾಮೆರಾಗಳು ಹೆಚ್ಚಿದಂತೆ ನೋಟ ಒಂದು ಕಡೆ ನಿಲ್ಲುವುದು ಕಡಿಮೆಯಾಗಿದೆ.

ಧ್ವನಿಯ ವಿಷಯಕ್ಕೆ ಬಂದರೆ ಟಿವಿ ಸೋಲುತ್ತದೆ, ಮತ್ತು ಆ ಸೋಲು ಸಣ್ಣದಲ್ಲ. ಗಂಡುಕಂಠದ ಶ್ರುತಿ ಕರಿ ಒಂದು (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆ) ಎಂದಿಟ್ಟುಕೊಂಡರೆ ಮಧ್ಯಷಡ್ಜ (ನಡುಸ್ಥಾಯಿಯ ‘ಸ’) ಸುಮಾರು 139 ಹರ್ಟ್ಸ್, ತಂಬೂರಿಯ ಖರ್ಜದ (ಅತಿ ತಗ್ಗಿನ ‘ಸ’) ತಂತಿ ಅದರರ್ಧ, ಅಂದರೆ ಸುಮಾರು 69 ಹರ್ಟ್ಸ್. ತೆಳುವಾದ ಈಗಿನ ಟಿವಿಗಳಲ್ಲಿ ಕೆಳಮುಖವಾಗಿ ಅಥವಾ ಹಿಂಬದಿಗೆ ಕೂರಿಸಿರುವ ಪುಟ್ಟ ಸ್ಪೀಕರುಗಳಿಗೆ ಆ ಆಳ ನಿಲುಕುವುದಿಲ್ಲ. ಖರ್ಜದ ಮೇಲಿನ ಸ್ವರಾಂಶಗಳಷ್ಟೇ ಕೇಳಿಬರುತ್ತವೆ, ಮಂದ್ರದ (ಕೆಳಸ್ಥಾಯಿಯ) ಆಲಾಪ ನೆಲ ಕಳೆದುಕೊಂಡಂತಾಗುತ್ತದೆ. ಇಳಿವಯಸ್ಸಿನಲ್ಲಿ ಅನೇಕ ಗಾಯಕರ ನಿಜವಾದ ಸಂಪತ್ತು ಮಂದ್ರ ಮತ್ತು ಮಧ್ಯದಲ್ಲಿಯೇ ಇರುತ್ತದೆ ಎಂಬುದನ್ನು ನೆನೆದರೆ, ಟಿವಿ ಕಳೆಯುವುದು ಅತ್ಯಂತ ಬೆಲೆಯುಳ್ಳ ಭಾಗವನ್ನೇ. ಪ್ರಭಾ ಅತ್ರೆಯವರ ಗಾಯನ ಅದೇ ಟಿವಿಯಲ್ಲಿ ಭೀಮಸೇನರ ಗಾಯನಕ್ಕಿಂತ ಕಡಿಮೆ ಹಾನಿಗೊಂಡು ಕೇಳಿಸಿದ್ದಕ್ಕೆ ಕಾರಣವೂ ಇದೇ ಇರಬೇಕು: ಮಹಿಳೆಯರ ಶ್ರುತಿ ಸಾಮಾನ್ಯವಾಗಿ ಕರಿ ನಾಲ್ಕರ ಆಸುಪಾಸಿನಲ್ಲಿದ್ದು, ಅವರ ಖರ್ಜ ನೂರು ಹರ್ಟ್ಸ್ ಸುತ್ತಮುತ್ತ ಬರುತ್ತದೆ.

ಟಿವಿಯ ಸೆಟ್ಟಿಂಗುಗಳಲ್ಲಿರುವ ‘ಕ್ಲಿಯರ್ ವಾಯ್ಸ್’ ಎಂಬುದನ್ನೂ ಪರೀಕ್ಷಿಸಿದೆ. ಅದು ತಗ್ಗಿನ ಧ್ವನಿಯನ್ನು ಕುಗ್ಗಿಸಿ ಮಾತಿನ ಭಾಗವನ್ನು ಮುಂದಕ್ಕೆ ತರುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಲಿತ ಪಂಡಿತ ವೆಂಕಟೇಶ ಕುಮಾರ್ ಅವರು ವಚನ ಹಾಡುವಾಗ ಇದರಿಂದ ಉಪಕಾರವಾಯಿತು. ಪ್ರತಿ ಶಬ್ದವೂ ಬಿಡಿಬಿಡಿಯಾಗಿ ಕೇಳಿತು, ಮನೆಯ ಹಿರಿಯರಿಗೂ ಹಿತವಾಯಿತು. ಖ್ಯಾಲ್ ಎಂಬ ವಿಸ್ತಾರದ ಗಾಯನಪ್ರಕಾರದ ಆಲಾಪಕ್ಕೆ ಮಾತ್ರ ಅದನ್ನು ತಪ್ಪದೆ ಆಫ್ ಮಾಡಬೇಕು. ಸದ್ದಿನ ಏರಿಳಿತವನ್ನು ತಾನಾಗಿಯೇ ಸಮ ಮಾಡುವ ಸೆಟ್ಟಿಂಗನ್ನೂ ಹಾಗೆಯೇ ತೆಗೆದುಹಾಕಬೇಕು. ಗಾಯಕರು ಬೇಕೆಂದೇ ಸಣ್ಣದಾಗಿಸಿದ ಸ್ವರವನ್ನು ಯಂತ್ರ ದೊಡ್ಡದು ಮಾಡುವುದು ಸಂಗೀತಕ್ಕೆ ಮಾಡುವ ಅನ್ಯಾಯ.

ಟಿವಿಯ ಈ ಕೊರತೆ ತುಂಬಲು ಎರಡು ದಾರಿ ಹಿಡಿದು ನೋಡಿದೆ. ಬ್ಲೂಟೂತ್ ಸ್ಪೀಕರಿಗೆ ಧ್ವನಿ ಕಳಿಸಿದಾಗ ಖರ್ಜವೇನೋ ಮರಳಿತು, ಆದರೆ ಸದ್ದು ತುಸು ತಡವಾಗಿ ಬಂದು, ತಬಲಾದ ಮೇಲೆ ಬೆರಳು ಬಿದ್ದ ಮೇಲೆ ‘ಧಾ’ ಕೇಳುವಂತಾಯಿತು. ಅದನ್ನು ಒಂದು ಗಂಟೆ ನೋಡುವುದು ಕಷ್ಟ. ಮನೆಯಲ್ಲಿದ್ದ ಹಳೆಯ ಸ್ಟೀರಿಯೊ ಆಂಪ್ಲಿಫೈಯರಿಗೆ ಟಿವಿಯ ಇಯರ್‌ಫೋನ್ ತೂತಿನಿಂದ ವೈರ್ ಎಳೆದಾಗ ಎಲ್ಲವೂ ಸರಿಹೋಯಿತು. ವೈರಿಗೆ ತಗಲುವ ಖರ್ಚು ಅಲ್ಪ.

ಫೋನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವೈರಿನ ಒಳ್ಳೆಯ ಇಯರ್‌ಫೋನ್ ಇದ್ದರೆ ಧ್ವನಿ ಟಿವಿಯ ಸ್ವಂತ ಧ್ವನಿಗಿಂತ ಎಷ್ಟೋ ಮೇಲು. ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ. ಜೊತೆಯಲ್ಲಿ ಕುಳಿತು ‘ವಾಹ್’ ಎನ್ನುವವರಿಲ್ಲ, ಅದೊಂದು ದೊಡ್ಡ ಕೊರತೆ. ಸ್ಪಷ್ಟ ಚಿತ್ರ ಬೇಕೆಂದರೆ ಗಂಟೆಗೆ ಸುಮಾರು 1.5ರಿಂದ 3 ಜಿಬಿ ಡೇಟಾ ಹೋಗುವುದರಿಂದ, ದಿನಕ್ಕೆ 1.5 ಜಿಬಿ ಕೊಡುವ ರೀಚಾರ್ಜ್ ಇದ್ದವರಿಗೆ ದ್ರುತ್ (ವೇಗದ ಭಾಗ) ಬರುವಷ್ಟರಲ್ಲಿ ಚಿತ್ರ ತಡವರಿಸತೊಡಗುತ್ತದೆ. ಡಿಶ್‌ಗೆ ಆ ಚಿಂತೆಯಿಲ್ಲ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯೂ ಇಲ್ಲ. ಜೋರು ಮಳೆಯಲ್ಲಿ ಸಿಗ್ನಲ್ ಹೋಗುವುದೊಂದೇ ಅದರ ದೋಷ. ಚಳಿಗಾಲದ ಉತ್ಸವಗಳಿಗೆ ನಮ್ಮೂರಿನ ಆಕಾಶ ಅಡ್ಡಿ ಮಾಡಿದ್ದಿಲ್ಲ.

ರೇಡಿಯೊವನ್ನು ಕೊನೆಗೆ ಹೇಳುತ್ತಿರುವುದು ಅದು ಕೊನೆಯದೆಂಬ ಕಾರಣಕ್ಕಲ್ಲ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ದಾವಣಗೆರೆಯಲ್ಲಿ ಇಂದಿಗೂ ಸಿಗುತ್ತದೆ. ಮೀಡಿಯಂ ವೇವಿನಲ್ಲಿ ತಂಬೂರಿಯ ಜವಾರಿಯ (ತಂತಿಯ ಝೇಂಕಾರದ) ನವಿರು ಬಹುಪಾಲು ಸೋರಿಹೋಗುತ್ತದೆ, ಎಲ್‌ಇಡಿ ಬಲ್ಬು ಮತ್ತು ಇನ್ವರ್ಟರುಗಳ ಗೊರಗೊರ ಸೇರಿಕೊಳ್ಳುತ್ತದೆ. ಆದರೂ ಮರದ ಪೆಟ್ಟಿಗೆಯ ರೇಡಿಯೊದಲ್ಲಿ ಗಂಡುಕಂಠದ ಮಂದ್ರಕ್ಕೆ ಬರುವ ತೂಕ ಟಿವಿಯ ಸ್ಪೀಕರಿನಲ್ಲಿ ಬರುವುದಿಲ್ಲ. ಕಣ್ಣು ಮಂಜಾದವರಿಗೆ, ಮಲಗಿ ಕೇಳಬೇಕಾದವರಿಗೆ ನಾನು ಇದನ್ನೇ ಹೇಳುತ್ತೇನೆ.

ನನ್ನ ಆಯ್ಕೆ ಟಿವಿಯ ಚಿತ್ರ, ಆಂಪ್ಲಿಫೈಯರಿನ ಧ್ವನಿ. ಆಂಪ್ಲಿಫೈಯರ್ ಇಲ್ಲದ ಮನೆಯಲ್ಲಿ, ಹಾಡುವವರು ಮಂದ್ರವನ್ನು ಆಳವಾಗಿ ಬೆಳೆಸುವ ಹಿರಿಯರಾಗಿದ್ದರೆ, ದೊಡ್ಡ ಪರದೆಯನ್ನು ಬಿಟ್ಟು ಫೋನು ಮತ್ತು ವೈರಿನ ಇಯರ್‌ಫೋನನ್ನೇ ತೆಗೆದುಕೊಳ್ಳುತ್ತೇನೆ.