ನಾಲ್ಕಡಿ ಮಡಿ ಚೆನ್ನಾಗಿದೆ, ಜೊತೆಗೆ ಕೊಟ್ಟ ಮಣ್ಣು ಬೇಡ

ಪುಣೆಯಲ್ಲಿ ಟೆರೇಸ್ ಇರುವವರಿಗೆ ಹೇಳುತ್ತಿದ್ದೇನೆ, ಕೊಥ್ರೂಡ್ ಕಡೆಯ ಒಂದು ನರ್ಸರಿಯಿಂದ ತಂದ, ತರಕಾರಿ ಬೆಳೆಸುವ 4×4 ಅಡಿಯ ಮರದ ಮಡಿ ನಿಜಕ್ಕೂ ಗಟ್ಟಿಯಾಗಿದೆ. ಅಡಿಗೊಂದು ದಾರ ಕಟ್ಟಿದರೆ 16 ಚೌಕ. ಒಂದು ಚೌಕದಲ್ಲಿ ಸಣ್ಣ ಮೂಲಂಗಿ 16, ಬೀನ್ಸ್ ಆದರೆ 9, ಎಲೆಕೋಸು ಒಂದೇ. ಜಾಸ್ತಿ ತುರುಕಬೇಡಿ.

ಆದರೆ ಅವರ ‘ರೆಡಿ ಮಿಕ್ಸ್’ ಸುಮ್ನೆ ಕೆಮ್ಮಣ್ಣು. ಮಳೆ ನಿಂತು ಬಿಸಿಲು ಬಿದ್ದ ಕೂಡಲೇ ಮೇಲೆಲ್ಲ ಬಿರುಕು, ಕೈಯಲ್ಲಿ ಹಿಂಡಿದರೆ ಇಟ್ಟಿಗೆಯ ತುಂಡಿನ ಹಾಗೆ ಉಂಡೆ. ಕಾಂಪೋಸ್ಟ್, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ವರ್ಮಿಕ್ಯುಲೈಟ್ (ನೀರು ಹಿಡಿಯುವ ಹಗುರ ಖನಿಜ) ಮೂರೂ ಸಮಪಾಲು ಇರಬೇಕು ಅಲ್ವಾ? ಕೇಳಿದರೆ ನಕ್ಕು ಮರಾಠಿಯಲ್ಲಿ ‘ಚಾಲ್ತಂಯ್’ (ನಡೆಯುತ್ತೆ ಬಿಡಿ) ಅಂದರು. ಮೆಂತ್ಯ ಮಾತ್ರ ಅದರಲ್ಲೂ ಬಂತು, ಅದಕ್ಕೇನು, ಎಲ್ಲಿ ಹಾಕಿದರೂ ಬರುತ್ತದೆ.

ಮಡಿ ಅಲ್ಲೇ ಕೊಳ್ಳಿ, ಮಿಶ್ರಣ ನೀವೇ ಕಲಸಿ. ಒದ್ದೆ ಮಣ್ಣು ಭಾರ, ಟೆರೇಸ್ ತಡೆಯುತ್ತದಾ ಅಂತ ಅಪಾರ್ಟ್‌ಮೆಂಟ್ ಸೊಸೈಟಿಯವರನ್ನು ಮೊದಲೇ ಕೇಳಿಬಿಡಿ.